ಬಳುವಳಿಯ ಆಡುಗಳು

ತೆಮಿಸ್‌ಗಮ್, ಲಡಾಖ್
ಜುಲೈ ೯, ೨೦೧೧

ಮೇಲಿನ ಹುಲ್ಲುಗಾವಲಿನಲ್ಲಿರುವ ನನ್ನ ಅಮಾ-ಲೆಗೆ,

ನಿನ್ನ ಮಗಳು ಕುನ್ಜೆಸ್ ಮಾಡುವ ಜೂಲೆ. ನಾವೆಲ್ಲ ಕ್ಷೇಮ. ಬಾರ್ಲಿ ತೆನೆ ಬಿಟ್ಟಿದೆ.

ಇಷ್ಟು ದಿನ ಬರೆಯದೆ ಇಟ್ಟುಕೊಂಡ ಮಾತೊಂದಿದೆ. ಮದುವೆಯಲ್ಲಿ ನೀನು ಬಳುವಳಿ ಕೊಟ್ಟ ಏಳು ಆಡುಗಳು ಇಲ್ಲಿಗೆ ಬಂದಮೇಲೆ ಮೈ ತುಂಬಿಕೊಂಡವು, ಹಾಲೂ ಕೊಟ್ಟವು. ಆದರೆ ಮರುವರ್ಷ ಬಾಚಿದರೆ ಪಶ್ಮೀನಾ ತುಪ್ಪಳ ಒಂದು ಹಿಡಿಯೂ ಬರಲಿಲ್ಲ. ಅತ್ತೆ ಬಾಚಣಿಗೆ ಕೆಳಗಿಟ್ಟು, “ನಿಮ್ಮಮ್ಮ ಜಾಣೆ ಕಣೇ. ಒಳ್ಳೇವನ್ನ ತಾನಿಟ್ಕೊಂಡು ಕಳಪೇವನ್ನ ನಮಗೆ ಸಾಗಹಾಕಿದ್ದಾಳೆ” ಅಂದರು.

ಪಶುವೈದ್ಯ ಗ್ಯಾಲ್ಸನ್ ಡಾಕ್ಟರು ಬಂದಾಗ ಕೇಳಿದೆ. “ತಳಿ ಚೆನ್ನಾಗೇ ಇದೆಯಮ್ಮ. ಬೆಚ್ಚಗಿನ ಕೊಟ್ಟಿಗೇಲಿ ಕೂಡಿ ಹಾಕಿದೀರಿ. ಚಳಿ ಕಡಿಯದೆ ಅದು ತುಪ್ಪಳ ಯಾಕೆ ಬೆಳೆಸ್ಕೋಬೇಕು?” ಎಂದು ನಕ್ಕರು. ಅತ್ತೆ ನಂಬಲಿಲ್ಲ. ಹೋದ ವರ್ಷ ಕಪ್ಪು ಕಿವಿಯ ಆಡು ಜೋಡಿ ಹೆಣ್ಣುಮರಿ ಹಾಕಿತು. ಹಾಲು ಬಿಟ್ಟಮೇಲೆ ಒಂದನ್ನು ತಮ್ಮ ಥಿನ್ಲೆಸ್ ಕೈಯಲ್ಲಿ ನಿನ್ನ ಮಂದೆಗೆ ಕಳಿಸಿದೆ. ಏಕೆಂದು ಆಗ ನಿನಗೆ ಹೇಳಲಿಲ್ಲ.

ಕಳೆದ ತಿಂಗಳು ಅವನು ಅದನ್ನು ಮರಳಿ ತಂದ. ಅತ್ತೆಯೇ ಎರಡನ್ನೂ ಅಕ್ಕಪಕ್ಕ ಕಟ್ಟಿ ಬಾಚಿದರು. ಇಲ್ಲಿ ಬೆಳೆದದ್ದರಿಂದ ಚಿಟಿಕೆಯಷ್ಟು ಬಂತು. ನಿನ್ನಲ್ಲಿ ಚಳಿಗಾಲ ಕಳೆದದ್ದರ ತುಪ್ಪಳ ಅವರ ಮಡಿಲಲ್ಲಿ ರಾಶಿಬಿತ್ತು. ಎರಡರ ಮೈಯನ್ನೂ ಮತ್ತೊಮ್ಮೆ ಸವರಿ ನೋಡಿ, “ಒಂದೇ ಹೊಟ್ಟೇಲಿ ಹುಟ್ಟಿ, ಒಂದೇ ಹಾಲು ಕುಡಿದವು. ನಿಮ್ಮಮ್ಮನ್ನ ಸುಮ್ನೆ ಅಂದುಬಿಟ್ಟೆ” ಅಂದರು.

ಆದರೂ ಅದರ ತುಪ್ಪಳ ನಿನ್ನಲ್ಲೇ ಹುಟ್ಟಿದ ಆಡುಗಳದಕ್ಕೆ ಸಮವಲ್ಲ. ತಾಯಿ ಗಬ್ಬವಾಗಿದ್ದಾಗ ಕಂಡ ಚಳಿ, ತಿಂದ ಹುಲ್ಲು ಕೂಡ ಮರಿಯ ಮೈಗೆ ಹತ್ತಬಹುದಂತೆ. ರಕ್ತ ಅದೇ ಇದ್ದರೂ ಅದರಲ್ಲಿ ಯಾವ ಗುಣ ಏಳಬೇಕು, ಯಾವುದು ಮಲಗಿರಬೇಕು ಎಂಬುದು ಬದಲಾಗುತ್ತದೆ ಎನ್ನುತ್ತಾರೆ ಡಾಕ್ಟರು. ಹಾಗಾಗಿ ಅಕ್ಟೋಬರಿನಲ್ಲಿ ಆಡುಗಳೆಲ್ಲ ನಿನ್ನ ಮಂದೆಗೆ ಬರುತ್ತವೆ. ಅಲ್ಲೇ ಮರಿ ಹಾಕಿ ಬೇಸಿಗೆಗೆ ಇಳಿಯಲಿ. ಹೊಡೆದುಕೊಂಡು ಬರುವವರು ಅತ್ತೆಯೇ. ಮಂಡಿನೋವಿದೆ, ಬೇಡ ಎಂದು ನಾನಂದರೆ, “ಬಾಯಲ್ಲಿ ಅಂದಿದ್ದು, ಬಾಯಲ್ಲೇ ಒಪ್ಕೋಬೇಕು” ಅನ್ನುತ್ತಾರೆ. ಅವರ ಬೆಣ್ಣೆ ಚಹಾಕ್ಕೆ ಉಪ್ಪು ಕಡಿಮೆ ಹಾಕು, ರಕ್ತದೊತ್ತಡವಿದೆ.

ನಿನ್ನ ಮಡಿಲ ಮಗಳು,
ಕುನ್ಜೆಸ್

ತಾ.ಕ.: ಅಂದು ಅತ್ತೆ ನಿನ್ನನ್ನು ಹಾಗೆ ಅಂದಾಗ ನಾನು ಎದುರಾಡಲಿಲ್ಲ. ಹೆದರಿ ಅಲ್ಲ, ಅಮಾ. ನಾನೂ ಹಾಗೇ ಅಂದುಕೊಂಡಿದ್ದೆ. ಎರಡು ಲೋಸರ್ ಹಬ್ಬಕ್ಕೆ ಬರದಿದ್ದದ್ದು ನಾನು ಹೇಳಿಕಳಿಸಿದಂತೆ ಹಿಮ ಬಿದ್ದು ದಾರಿ ಮುಚ್ಚಿದ್ದರಿಂದಲ್ಲ. ಅಕ್ಟೋಬರಿನಲ್ಲಿ ಅತ್ತೆಯ ಜೊತೆ ನಾನೂ ಬರುತ್ತೇನೆ.