ಹಾಕದ ಕೊಕ್ಕೆ

ಅಕ್ಟೋಬರ್ ೧೯, ಭಾನುವಾರ

ದಣಿದು ಹಣ್ಣಾಗಿದ್ದೇನೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ.

ಬೆಳಿಗ್ಗೆ ಬೆಟ್ಟದ ತುದಿಯಲ್ಲಿ ನಮ್ಮ ಹಾರುವ ಗುಂಪಿನ ಎಲ್ಲರನ್ನೂ ಹ್ಯಾಂಗ್ ಗ್ಲೈಡರಿನ ರೆಕ್ಕೆಗೆ ಬಿಗಿದ ಕೊಕ್ಕೆಗಳನ್ನು ಎಳೆದೆಳೆದು ನೋಡಿದವನು ನಾನೇ. ನನ್ನ ಸರದಿ ಬಂತು. ರೆಕ್ಕೆ ಹೊತ್ತು ಓಡಲು ಎರಡು ಹೆಜ್ಜೆ ಇಟ್ಟಿದ್ದೆ, ಗುಂಪಿನಲ್ಲಿ ಜೊತೆಗೆ ಹಾರುವ ಶಾಲೆ ಮೇಷ್ಟ್ರೊಬ್ಬರು ರೆಕ್ಕೆಯ ತಂತಿ ಹಿಡಿದು ನಿಲ್ಲಿಸಿದರು.

“ನಿಮ್ಮ ಕೊಕ್ಕೆ ಯಾರು ಹಾಕ್ತಾರೆ?” ಎಂದರು, ಮೆಲ್ಲಗೆ.

ಹಾಕಿರಲೇ ಇಲ್ಲ. ಕೆಳಗೆ ಆಳದ ಕಣಿವೆ. ಹದಿನೆಂಟು ವರ್ಷ ಹಾರಿದ ದಡ್ಡ ನಾನು. ರೆಕ್ಕೆ ಮಡಿಚಿ ಹೆಗಲ ಮೇಲೆ ಹೊತ್ತು ನಡೆದೇ ಇಳಿದೆ. ಸದಾ ಕಾಲೆಳೆಯುವವರು ಇವತ್ತು ಯಾರೂ ಗೇಲಿ ಮಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹೆಂಡತಿಗೆ, ಗಾಳಿ ಸರಿಯಿರಲಿಲ್ಲ ಎಂದೆ.

ಮಲಗುವಾಗ ಅವಳು, “ಬಾಗಿಲ ಚಿಲಕ ಹಾಕಿದ್ರಾ?” ಎಂದಳು.

“ಹಾಕ್ದೆ” ಎಂದೆ.

ಆಮೇಲೆ ಎದ್ದು ಹೋಗಿ ನೋಡಿದೆ. ಹಾಕಿತ್ತು. ಇದನ್ನು ಬರೆಯುವ ಮೊದಲೂ ನೋಡಿ ಬಂದೆ. ಈಗ ಮತ್ತೆ ನೋಡಿ ಬರುತ್ತೇನೆ.