ಎರಡು ಸುತ್ತು ಟೇಪು

ಮನೆ, ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೧೬, ಮಧ್ಯಾಹ್ನ

ಪ್ರೀತಿಯ ತಂಗೀ,

ನಿನ್ನ ಮೊಣಕಾಲು ನೋವು ಹೇಗಿದೆ? ವೈದ್ಯರು ಹೇಳಿದ ವ್ಯಾಯಾಮವನ್ನು ಮಾಡುತ್ತಿದ್ದೀಯೋ, ಮಾಡಿದೆನೆಂದು ಭಾವನವರಿಗೆ ಹೇಳುತ್ತಿದ್ದೀಯೋ? ನಾವಿಬ್ಬರೂ ಸೌಖ್ಯ. ಬೆಳಗಿನಿಂದ ನಾನು ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ ಎಂಬುದು ನಿನ್ನ ಅತ್ತಿಗೆಯ ದೂರು. ದೂರಿನಲ್ಲಿ ಹುರುಳಿದೆ.

ಹಾಡಿನ ಮಾತೆತ್ತಿದರೆ ನೀನು ಬೇರೆ ಮಾತಿಗೆ ಹೊರಳುತ್ತೀಯೆ. ಮೂವತ್ತಾರು ವರ್ಷಗಳಿಂದ ಹಾಗೆಯೇ. ಆದ್ದರಿಂದಲೇ ನಮ್ಮ ಗುರುವಾರದ ಕೂಟದ ಸಂಗತಿಯನ್ನು ಇದುವರೆಗೆ ಬರೆದಿರಲಿಲ್ಲ. ಇಂದು ಬರೆಯದೆ ವಿಧಿಯಿಲ್ಲ. ಕೆಲಸ ಮುಗಿದ ಮೇಲೆ, ನಾನು ತಕ್ಕಡಿಗಳನ್ನು ಪರೀಕ್ಷಿಸುವ ಕೊಠಡಿಯಲ್ಲಿ ನಾಲ್ವರು ಸೇರುತ್ತೇವೆ. ಗಾಳಿಯೂ ಸದ್ದು ಮಾಡದ ಕೋಣೆ ಅದು. ಒಬ್ಬೊಬ್ಬರು ತಾವು ಈಗ ಕೇಳುತ್ತಿರುವ ಆಲ್ಬಮ್ಮನ್ನು ತರಬೇಕು. ಒಂದು ಬದಿ ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಆಮೇಲೆ, ತಂದವರೇ ತಮ್ಮ ಮೆಚ್ಚಿನ ಆಲ್ಬಮ್ಮಿನ ಒಂದು ದೋಷವನ್ನು ಹೇಳಲೇಬೇಕು. ದಂತವೈದ್ಯೆಗೆ ಈಚೆಗೆ ಬರೀ ಡೋಲುಗಳ ಆಲ್ಬಮ್ಮಿನ ಹುಚ್ಚು; ಅದನ್ನು ಹಾಕಿಕೊಂಡು ಹಲ್ಲು ಕಿತ್ತರೆ ನೋವೇ ತಿಳಿಯದಂತೆ. (ರೋಗಿಗಳ ಅಭಿಪ್ರಾಯ ಇನ್ನೂ ಬಂದಿಲ್ಲ.) ಬಡಗಿ ನಾಲ್ಕು ವಾರಗಳಿಂದ ಮುದುಕಿಯರ ಮೇಳವೊಂದನ್ನೇ ಹೊತ್ತು ತರುತ್ತಿದ್ದಾರೆ. ಬಸ್ ಚಾಲಕರದು ಪಿಯಾನೋ. ನುಡಿಸುವವನ ಕುರ್ಚಿ ಕಿರುಗುಟ್ಟುವುದೇ ಅದರ ದೋಷ, ಅದೇ ಅದರ ಸೊಗಸು ಎನ್ನುತ್ತಾರೆ.

ಮೊನ್ನೆ ಗುರುವಾರ ನಾನು ಹಸಿರು ರಟ್ಟಿನದನ್ನು ಒಯ್ದೆ. ನೆನಪಿದೆಯಲ್ಲ, ಹಾಡುವವಳ ಬೆನ್ನಷ್ಟೇ ಕಾಣುವ ಚಿತ್ರ? ಅಮ್ಮನ ಮನೆ ಖಾಲಿ ಮಾಡಿದಾಗ ಹಳೆಯ ಪ್ಲೇಯರಿನೊಡನೆ ತಂದಿಟ್ಟಿದ್ದೆ. ಕೂಟದ ಪ್ಲೇಯರಿನಲ್ಲಿ ಎರಡನೆಯ ಬದಿಯ ಮೂರನೆಯ ಹಾಡು ಬರುತ್ತಲೇ ನನಗೆ ಕಸಿವಿಸಿ. ಧ್ವನಿ ತಗ್ಗಿತ್ತು, ನಡೆ ಭಾರವಾಗಿತ್ತು. ನನ್ನ ಸರದಿ ಬಂದಾಗ, ಈ ರೆಕಾರ್ಡಿನದು ನಿಧಾನದ ದೋಷ ಎಂದು ತೀರ್ಪು ಕೊಟ್ಟೆ. ಚಾಲಕರು ಬಿಡಲಿಲ್ಲ: “ರೆಕಾರ್ಡ್ ತಾನಾಗೇ ನಿಧಾನ ಆಗುತ್ತಾ ಸಾರ್? ಊರ ತಕ್ಕಡೀನೆಲ್ಲ ತಿದ್ದೋರು, ಮನೇದನ್ನ ಒಂದ್ಸಲ ನೋಡ್ಕೊಳ್ಳಿ!”

ನೋಡಿಕೊಂಡೆ. ಇಂದು ಬೆಳಿಗ್ಗೆ ಹಳೆಯ ಪ್ಲೇಯರನ್ನು ಅಟ್ಟದಿಂದ ಇಳಿಸಿ, ಹೊಸ ಬೆಲ್ಟು ಹಾಕಿ, ತಟ್ಟೆಯ ಅಂಚಿಗೆ ಸುಣ್ಣದ ಗುರುತಿಟ್ಟು ಸುತ್ತುಗಳನ್ನು ಎಣಿಸಿದೆ. ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ತಿರುಗಬೇಕಾದದ್ದು ಮೂವತ್ತೈದನ್ನು ದಾಟಿತು. ಮೂರು ಸಲ ಎಣಿಸಿದೆ. ನೂರಕ್ಕೆ ಆರರಷ್ಟು ಹೆಚ್ಚು. ಎಂದರೆ ಸರಿಯಾಗಿ ಅರ್ಧ ಸ್ವರ ಮೇಲೆ! ತಟ್ಟೆ ಎತ್ತಿ ನೋಡಿದರೆ, ಮೋಟಾರಿನ ಗಾಲಿಗೆ ಕಪ್ಪು ಟೇಪು ಎರಡು ಸುತ್ತು ಸುತ್ತಿತ್ತು. ಗಾಲಿ ದಪ್ಪವಾದರೆ ತಟ್ಟೆ ಬೇಗ ತಿರುಗುತ್ತದೆ.

ತಂಗೀ, ಶಾಲೆಯ ಮೇಳಕ್ಕೆ ಆರಿಸುವ ದಿನ ನೀನು ಹಾಡಿದ್ದು ಅದೇ ಮೂರನೆಯ ಹಾಡು. ಹಾರ್ಮೋನಿಯಂ ಒಂದು ಕಡೆ, ನೀನು ಅರ್ಧ ಸ್ವರ ಮೇಲೆ. ಹುಡುಗಿಯರು ನಕ್ಕರು. ಮೇಡಂ ಎರಡನೆಯ ಸಾಲಿಗೇ ಕೈ ಎತ್ತಿ ನಿಲ್ಲಿಸಿದರು. ನೀನು ಶ್ರುತಿ ತಪ್ಪಿರಲಿಲ್ಲ. ನಮ್ಮ ಮನೆಯಲ್ಲಿ ಕೇಳಿದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಹಾಡಿದ್ದೆ. ಹನ್ನೊಂದು ವರ್ಷದ ಹುಡುಗಿಯ ಕಿವಿ ಅಷ್ಟು ನಿಖರ! ನನ್ನ ಕೊಠಡಿಯಲ್ಲಿ ಅಂಥದೊಂದು ಉಪಕರಣವಿಲ್ಲ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮೊಣಕಾಲಿನ ಬಗ್ಗೆ ಉದಾಸೀನ ಬೇಡ.

ಇತಿ,
ನಿನ್ನ ಅಣ್ಣ

ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ: ಟೇಪು ಸುತ್ತಿದವನು ನಾನು. ಬೆಲ್ಟು ಜಾರುತ್ತಿತ್ತು, ಜಾರುವುದು ನಿಂತಿತು. ವೇಗವನ್ನು ಅಳೆಯಬೇಕೆಂದು ಹೊಳೆಯಲಿಲ್ಲ. ಆ ಸಂಜೆ “ನಿಂಗೆ ಕಿವೀನೇ ಇಲ್ಲ ಕಣೇ, ಹಾಡೋದು ಬಿಟ್ಬಿಡು” ಅಂದವನೂ ನಾನೇ. ನೀನು ಬಿಟ್ಟುಬಿಟ್ಟೆ. ತಪ್ಪಾಯಿತು. ಏಪ್ರಿಲ್ ಮೊದಲ ಗುರುವಾರ ಆ ರೆಕಾರ್ಡನ್ನು ಮತ್ತೆ ಕೂಟಕ್ಕೆ ಒಯ್ಯುತ್ತೇನೆ. ಅದೇ ಹಾಡನ್ನು ಹಳೆಯ ಪ್ಲೇಯರಿನಲ್ಲಿ ಹಾಕುತ್ತೇನೆ. ಹೇಳಬೇಕಾದ ದೋಷ ಯಾರದೆಂದು ಈ ಸಲ ಗೊತ್ತಿದೆ. ಅಂದು ಸಂಜೆ ಆರಕ್ಕೆ ಅಲ್ಲಿಂದಲೇ ಫೋನ್ ಮಾಡುತ್ತೇನೆ, ಎತ್ತು. ಮನಸ್ಸಾದರೆ ಒಂದೇ ಒಂದು ಸಾಲು ಹಾಡು. ಟೇಪನ್ನು ಬಿಚ್ಚಿಲ್ಲ.