ಮೊಳೆ ಜೋಡಿಸಿದವರ ಹೆಸರು

ಪ್ರೀತಿಯ ದಸ್ತಗೀರ್ ಮಾಮ,

ಈ ಕಾಗದವನ್ನು ನಿಮ್ಮ ಮೊಮ್ಮಗಳು ಅತೀಯಾ ನಿಮಗೆ ಓದಿ ಹೇಳುತ್ತಾಳೆ. ಮಧ್ಯದಲ್ಲಿ ಬೇಸರವಾದರೂ ಕೊನೆಯವರೆಗೆ ಓದಿಸಿಕೊಳ್ಳಿ. ಹೋದ ತಿಂಗಳು ಮಾಕಳಿಯ ನಿಮ್ಮ ಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಯಾವುದನ್ನು ಬೇಡ ಎಂದಿರೋ ಅದನ್ನೇ ನಾನು ಮಾಡಿಬಿಟ್ಟಿದ್ದೇನೆ. ಕ್ಷಮಿಸಿ ಎಂದು ಬರೆಯುವುದಿಲ್ಲ.

ಯೂರೋಪಿನಲ್ಲಿ ಅಚ್ಚಿನ ಪುಸ್ತಕ ಹೇಗೆ ಹುಟ್ಟಿತು, ಅದರ ಪುಟಕ್ಕೆ ಆ ಚೆಲುವು ಹೇಗೆ ಬಂತು ಎಂಬುದನ್ನು ಯಲಹಂಕದ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದನ್ನೇ ಕನ್ನಡದಲ್ಲಿ ಬರೆಯಲು ಕೂತೆ. ಜರ್ಮನಿಯ ಗುಟೆನ್‌ಬರ್ಗ್ ಸೀಸ ಕರಗಿಸಿ ಅಕ್ಷರದ ಮೊಳೆ ಎರಕ ಹೊಯ್ದ ಕಥೆಯಿಂದ ಶುರು ಮಾಡಿ, ವೆನಿಸ್‌ನಲ್ಲಿ ಆಲ್ಡಸ್ ಎಂಬ ಮುದ್ರಕ ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಪುಸ್ತಕ ತಂದ ಕಥೆಗೆ ಬಂದೆ. ಅಲ್ಲಿ ಪೆನ್ನು ನಿಂತಿತು. ಆಲ್ಡಸ್‌ಗಾಗಿ ವಾಲಿದ ಅಕ್ಷರಗಳನ್ನು ಮೊದಲು ಕೊರೆದುಕೊಟ್ಟವನು ಗ್ರಿಫೋ. ಆಲ್ಡಸ್ ಅವನನ್ನು ಒಮ್ಮೆ ಅಚ್ಚಿನಲ್ಲೇ ಹೊಗಳಿದ್ದೂ ಉಂಟು. ಆದರೆ ಆ ಅಕ್ಷರ ಬಳಸುವ ಹಕ್ಕನ್ನು ವೆನಿಸ್ ಬರೆದುಕೊಟ್ಟದ್ದು ಆಲ್ಡಸ್‌ಗೆ. ಇಬ್ಬರೂ ಕೊನೆಗೆ ದೂರವಾದರು. ಇವತ್ತು ಲೋಕವೆಲ್ಲ ಅದನ್ನು ಇಟಾಲಿಕ್ ಎನ್ನುತ್ತದೆ. ಉಳಿದದ್ದು ದೇಶದ ಹೆಸರು. ಕೊರೆದವನನ್ನು ಕೇಳುವವರು ನನ್ನಂಥ ನಾಲ್ಕು ಜನ ಮೇಷ್ಟ್ರುಗಳು ಮಾತ್ರ.

ಆ ಪುಟ ಮುಗಿಸಿದಾಗ ನನ್ನ ಕಣ್ಣ ಮುಂದೆ ಇದ್ದದ್ದು ಆರ್.ಟಿ. ನಗರದ ನಮ್ಮ ಪ್ರೆಸ್ಸು. ಅಪ್ಪ ಅಲ್ಲಾಳಸಂದ್ರದ ಬೇಸಾಯದ ಮನೆಯಿಂದ ಬಂದವರು, ಮೊಳೆ ಹಿಡಿಯಲು ಕೊನೆಯವರೆಗೂ ಕಲಿಯಲಿಲ್ಲ. ಇಪ್ಪತ್ತಾರು ವರ್ಷ ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದವರು ನೀವು. ಆ ಪುಸ್ತಕಗಳೆಲ್ಲ ನನ್ನ ಕಪಾಟಿನಲ್ಲಿವೆ. ಒಂದೊಂದನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ 'ಮುದ್ರಣ: ಸುಬ್ರಮಣಿ' ಎಂದು ಅಪ್ಪನ ಹೆಸರಿದೆ. ಆ ಸಾಲನ್ನು ಜೋಡಿಸಿದ್ದೂ ನಿಮ್ಮ ಬೆರಳುಗಳೇ.

ಶಾಲೆ ಬಿಟ್ಟವಳೇ ನಾನು ನಿಮ್ಮ ಸ್ಟೂಲಿನ ಪಕ್ಕ ನಿಲ್ಲುತ್ತಿದ್ದೆ. ಪದ ಪದದ ನಡುವೆ, ಸಾಲು ಸಾಲಿನ ನಡುವೆ ನೀವು ಏನನ್ನೋ ತುರುಕುತ್ತಿದ್ದಿರಿ. ಅಲ್ಲಿ ಏನೂ ಅಚ್ಚಾಗಲ್ಲವಲ್ಲ ಮಾಮ ಎಂದು ಕೇಳಿದ್ದಕ್ಕೆ, "ಖಾಲಿ ಜಾಗನೂ ಸೀಸನೇ ಬೇಟಾ, ಅದನ್ನೂ ಕೈಯಾರೆ ಇಡ್ಬೇಕು" ಅಂದಿರಿ. ಪುಟದ ಅಂಚನ್ನು ಎಷ್ಟು ಬಿಡಬೇಕು, ಯಾಕೆ ಬಿಡಬೇಕು ಎಂದು ಯೂರೋಪಿನವರು ಬರೆದದ್ದನ್ನು ಆಮೇಲೆ ರಾಶಿ ರಾಶಿ ಓದಿದೆ. ನಿಮ್ಮ ಆ ಒಂದು ಮಾತಿನಷ್ಟು ಯಾವುದೂ ತಲೆಗೆ ಇಳಿಯಲಿಲ್ಲ.

ಇನ್ನೊಂದು ವಿಷಯವನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ನನಗಾಗ ಹತ್ತು ವರ್ಷ. ಅಚ್ಚು ಮುಗಿದ ದೊಡ್ಡ ಮೊಳೆಗಳನ್ನು ಅವುಗಳ ಗೂಡಿಗೆ ವಾಪಸು ಹಾಕಲು ನನಗೆ ಕೊಟ್ಟಿದ್ದಿರಿ. ನಾನು 'ಷ' ಗೂಡಿಗೆ 'ಪ' ಹಾಕಿದೆ. ಮುಂದಿನ ವಾರ ಒಬ್ಬ ಲೆಕ್ಚರರ ಪುಸ್ತಕದ ಮೊದಲ ಪುಟದಲ್ಲೇ ಭಾಷಣಗಳು ಹೋಗಿ 'ಭಾಪಣಗಳು' ಎಂದಾಯಿತು. ಪ್ರೂಫ್ ನೋಡಿ ಸಹಿ ಹಾಕಿದ್ದವರು ಅಪ್ಪ. ಆದರೂ ಲೆಕ್ಚರರು ಕೂಗಾಡುತ್ತ ಬಂದಾಗ ಅಪ್ಪ ನಿಮ್ಮನ್ನು ಒಳಗಿನಿಂದ ಕರೆದು ನಿಲ್ಲಿಸಿದರು. "ಇವ್ರೇ ಸಾರ್, ದಸ್ತಗೀರ್ ಅಂತ. ಇವ್ರೇ ಜೋಡಿಸಿದ್ದು." ಪುಸ್ತಕ ಬರೆದವರೊಬ್ಬರ ಮುಂದೆ ನಿಮ್ಮ ಹೆಸರು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನೀವು ತಲೆ ತಗ್ಗಿಸಿ ತಪ್ಪಾಯ್ತು ಅಂದಿರಿ. ನಾನು ಕಾಗದದ ರೀಮುಗಳ ಹಿಂದೆ ನಿಂತು ಕೇಳಿಸಿಕೊಂಡೆ. ಹೊರಗೆ ಬರುವ ಧೈರ್ಯವಾಗಲಿಲ್ಲ. ಅವರು ಹೋದ ಮೇಲೆ ನೀವು ಎರಡು ಮೊಳೆಗಳನ್ನೂ ನನ್ನ ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿಸಿದಿರಿ, ಒಂದರ ಹೊಟ್ಟೆಯಲ್ಲಿದ್ದ ಗೆರೆ ತೋರಿಸಿದಿರಿ. ಬೈಯಲಿಲ್ಲ.

ಇದನ್ನೆಲ್ಲ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಬರೆದೆ. ಅಪ್ಪ ಬದುಕಿದ್ದರೆ ಸಿಟ್ಟಾಗುತ್ತಿದ್ದರು. ಆಗಲಿ, ಅವರ ಮಗಳಾಗಿಯೇ ಬರೆದಿದ್ದೇನೆ. ಆದರೆ ನನ್ನ ಪ್ರಕಾಶಕರಿಗೆ ಆ ಅಧ್ಯಾಯ ಹಿಡಿಸಲಿಲ್ಲ. ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು ನಯವಾಗಿಯೇ ಹೇಳಿದರು: "ಮೇಡಂ, ಇದು ಯೂರೋಪಿನ ಇತಿಹಾಸ. ಇದ್ರಲ್ಲಿ ಆರ್.ಟಿ. ನಗರದ ಕಂಪೋಸಿಟರ್ ಯಾಕೆ? ಅದೊಂದು ತೆಗೆದ್ಬಿಡಿ, ಮುಂದಿನ ತಿಂಗ್ಳು ಬಿಡುಗಡೆ ಮಾಡೋಣ." ಆ ಇತಿಹಾಸವನ್ನು ನನಗೆ ಓದಲು ಕಲಿಸಿದವರು ಆ ಕಂಪೋಸಿಟರೇ ಎಂದೆ. ಪ್ರಕಾಶಕರು ನಕ್ಕರು. ನಾನು ಹಸ್ತಪ್ರತಿ ಎತ್ತಿಕೊಂಡು ಎದ್ದು ಬಂದೆ.

ಅಲ್ಲಿಂದ ನೇರ ನಿಮ್ಮಲ್ಲಿಗೆ ಬಂದಿದ್ದೆ. ನೀವಾದರೂ ನನ್ನ ಕಡೆ ನಿಲ್ಲುತ್ತೀರಿ ಅಂದುಕೊಂಡಿದ್ದೆ. ಅಧ್ಯಾಯವನ್ನು ಓದಿ ಹೇಳಿದಾಗ ನೀವು ನನ್ನ ಕೈ ಹಿಡಿದುಕೊಂಡಿರಿ. ಕಾಣದ ಕಣ್ಣುಗಳನ್ನು ಒರೆಸಿಕೊಂಡು, "ಬೇಡ ಬೇಟಾ. ಓದೋರಿಗೆ ನಾನು ಕಾಣಿಸ್ಬಾರ್ದು. ಕಂಪೋಸಿಟರ್ ಕಾಣಿಸೋದು ತಪ್ಪು ಬಿದ್ದಾಗ ಮಾತ್ರ" ಅಂದಿರಿ.

ಆ ಮಾತನ್ನು ಬಸ್ಸಿನುದ್ದಕ್ಕೂ ಯೋಚಿಸಿದೆ. ಅದರಲ್ಲಿ ನಿಮ್ಮ ಕಸುಬಿನ ಮರ್ಯಾದೆ ಇದೆ, ಒಪ್ಪುತ್ತೇನೆ. ಆದರೆ ಮಾಮ, ಅದೇ ಮಾತಿನ ನೆರಳಿನಲ್ಲಿ ನನ್ನಪ್ಪ ಆರಾಮಾಗಿದ್ದರು, ನಾನೂ ಬಚ್ಚಿಟ್ಟುಕೊಂಡೆ. ತಪ್ಪಿಗೆ ಮಾತ್ರ ಹೆಸರು, ಸರಿಯಿದ್ದದ್ದಕ್ಕೆ ಹೆಸರಿಲ್ಲ ಎನ್ನುವ ಕಾನೂನನ್ನು ನೀವು ಒಪ್ಪಿಕೊಂಡು ಬದುಕಿದಿರಿ. ನಾನು ಒಪ್ಪಲಾರೆ. ಆ ಅಧ್ಯಾಯ ಇಲ್ಲದೆ ನನ್ನ ಪುಸ್ತಕವೇ ಬೇಡ ಅನ್ನಿಸಿತು.

ಹಾಗಾಗಿ ನಾನೇ ಅಚ್ಚು ಹಾಕಿಸಿದೆ. ಯಶವಂತಪುರದ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ, ಐನೂರು ಪ್ರತಿ. ಮೊದಮೊದಲು ಯೂರೋಪಿನ ಮುದ್ರಕರು ತಮ್ಮ ಹೆಸರು, ಊರು, ದಿನವನ್ನು ಪುಸ್ತಕದ ಕೊನೆಯಲ್ಲಿ ಹಾಕುತ್ತಿದ್ದರು. ನಾನೂ ಹಾಗೆಯೇ ಕೊನೆಯ ಪುಟದಲ್ಲಿ ಹಾಕಿದೆ: 'ಈ ಪುಸ್ತಕ ಬರೆದವಳಿಗೆ ಅಕ್ಷರ ಜೋಡಿಸಲು ಕಲಿಸಿದವರು ದಸ್ತಗೀರ್, ಕಂಪೋಸಿಟರ್, ಆರ್.ಟಿ. ನಗರ.'

ಆ ಹಾಳೆ ಮೆಷಿನ್ನಿನಿಂದ ಹೊರಬಂದಾಗ ಅದನ್ನು ನಡೆಸುವ ಬೈರಣ್ಣ ಒಂದನ್ನು ಎತ್ತಿಕೊಂಡು ಓದಿದರು. ಐವತ್ತು ದಾಟಿದ ಮನುಷ್ಯ. ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಮುಖ ನೋಡದೆ, "ಮೇಡಂ, ನಮ್ಮಂತೋರ್ದೂ ಹಾಕ್ಬೋದಾ ಇದ್ರಲ್ಲಿ?" ಎಂದರು.

ಮೆಷಿನ್ ನಿಲ್ಲಿಸಲು ಹೇಳಿದೆ. ಅಚ್ಚಾಗಿದ್ದ ಆ ಹಾಳೆಗಳನ್ನು ಪಕ್ಕಕ್ಕೆ ಹಾಕಿಸಿ, ಹೊಸ ಪ್ಲೇಟು ಮಾಡಿಸಿದೆ. ಎರಡು ದಿನ ತಡವಾಯಿತು. ಈಗ ನಿಮ್ಮ ಹೆಸರಿನ ಕೆಳಗೆ ಮುದ್ರಣ: ಬೈರಣ್ಣ ಎಂದಿದೆ, ಹೊಲಿಗೆ ಮತ್ತು ಬೈಂಡಿಂಗ್: ನಾರಾಯಣಮ್ಮ, ರಾಣಿ ಎಂದಿದೆ. ನಾರಾಯಣಮ್ಮನವರಿಗೆ ಓದಲು ಬರುವುದಿಲ್ಲ. ಯಾವ ಸಾಲು ತಮ್ಮದು ಎಂದು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದರು.

ಪುಸ್ತಕವನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಎಷ್ಟು ಬೇಕಾದರೂ ಬೈಯಿರಿ, ಭಾನುವಾರ ಬಂದು ಎದುರಿಗೆ ಕೂತು ಬೈಸಿಕೊಳ್ಳುತ್ತೇನೆ. ಅಳಿಸು ಎಂದು ಮಾತ್ರ ಹೇಳಬೇಡಿ. ಉಳಿದ ಪ್ರತಿಗಳೆಲ್ಲ ಅಂಗಡಿಗಳಿಗೆ ಹೊರಟುಹೋಗಿವೆ.

ನಿಮಗೆ ಆಯುಸ್ಸು, ಆರೋಗ್ಯ ತುಂಬಿರಲಿ.

ನಿಮ್ಮ ಮಾತು ಮೀರಿದ, ಇನ್ನೂ ಮೀರಲಿರುವ,
ಪದ್ಮಶ್ರೀ